ಚಳಿ ಕುಡಿದ ಡೀಸೆಲ್

ನಮ್ಮ ಕಡೆ ಚಳಿ ಜೋರು ಎಂದರೆ ಹೊರಗಿನವರು ನಗುತ್ತಾರೆ. ಹಿಮ ಬೀಳುತ್ತದೆಯೇನು, ಕೊಡದ ನೀರು ಗಡ್ಡೆ ಕಟ್ಟುತ್ತದೆಯೇನು ಎಂದು ಕೇಳುತ್ತಾರೆ. ಅದೇನೂ ಇಲ್ಲ. ಆದರೆ ಹಳಿಯಾಳದ ಬಯಲು ಮುಗಿದು ದಾಂಡೇಲಿ ಕಡೆಯ ಕಾಡು ಶುರುವಾಗುವಲ್ಲಿ, ಭತ್ತದ ಸುಗ್ಗಿ ಮುಗಿದ ಮೇಲೆ ಒಂದು ಬೆಳಗಿನ ಜಾವ ಬಂದು ಕಾರಿನ ಬಾಗಿಲಿನ ಹಿಡಿಕೆ ಮುಟ್ಟಿ ನೋಡಬೇಕು. ಬೆರಳು ಅಲ್ಲೇ ಉಳಿದುಬಿಟ್ಟಂತೆ ಆಗುತ್ತದೆ. ಮುಂದಿನ ಗಾಜಿನ ಮೇಲೆ ಇಬ್ಬನಿ ಕೆನೆ ಕಟ್ಟಿದ ಹಾಗೆ ಕೂತಿರುತ್ತದೆ. ಆ ಚಳಿಗೆ ನನ್ನ ಕೆಲಸ ಹೋಯಿತು. ದುಡಿಯುವವನಿಗೆ ಮತ್ತೊಂದು ಕೆಲಸ ಸಿಕ್ಕೇ ಸಿಗುತ್ತದೆ, ಅದಕ್ಕೆ ಅಳುವವನಲ್ಲ ನಾನು. ಕೆಲಸದ ಜೊತೆಗೆ ಹೋದದ್ದು ಇನ್ನೊಂದಿದೆ. ಅದು ಇನ್ನೂ ತಿರುಗಿ ಬಂದಿಲ್ಲ.

ನಾನು ಐದನೆಯ ಇಯತ್ತೆಗೆ ಶಾಲೆ ಬಿಟ್ಟವನು. ಅಪ್ಪ ಕಟ್ಟಿಗೆ ಡಿಪೋದಲ್ಲಿ ಹಮಾಲಿ ಮಾಡುತ್ತಿದ್ದ. ಮೂಟೆ ಹೊತ್ತು ಅವನ ಬೆನ್ನು ಮುರಿದ ವರ್ಷ ನನ್ನನ್ನು ದಾಂಡೇಲಿಯ ಒಂದು ಗ್ಯಾರೇಜಿಗೆ ಬಿಟ್ಟು ಬಂದ. ಗ್ಯಾರೇಜಿನ ಯಜಮಾನರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಸೀಮೆಎಣ್ಣೆಯಲ್ಲಿ ಬೇರಿಂಗ್ ತೊಳೆಯುವುದರಿಂದ ಹಿಡಿದು ಲಾರಿಯ ಸ್ಟೇರಿಂಗ್ ಹಿಡಿಯುವವರೆಗೆ ಕಲಿಸಿದವರು ಅವರೇ. ಚಾಚಾ ಹೇಳಿಕೊಟ್ಟ ಮಾತುಗಳಲ್ಲಿ ಮೊದಲನೆಯದು, ಗಾಡಿಯನ್ನು ಕಾಯಿಸದೆ ಓಡಿಸಬಾರದು ಎನ್ನುವುದು. ಮಲಗಿ ಎದ್ದ ಮನುಷ್ಯನ ಮೇಲೆ ಎದ್ದ ಕೂಡಲೇ ಮೂಟೆ ಹೊರಿಸುತ್ತೀಯೇನು ಎಂದು ಕೇಳುತ್ತಿದ್ದರು. ಅಪ್ಪನ ಬೆನ್ನು ನೋಡಿದವನಿಗೆ ಆ ಮಾತನ್ನು ಎರಡನೆಯ ಸಲ ಹೇಳಬೇಕಾಗಿರಲಿಲ್ಲ.

ಹಳಿಯಾಳದ ಒಬ್ಬ ಸಾವಕಾರರು ಹೊಸ ಡೀಸೆಲ್ ಕಾರು ತಗೊಂಡು ನನ್ನನ್ನು ಡ್ರೈವರ್ ಎಂದು ಇಟ್ಟುಕೊಂಡದ್ದು ಶಾಲೆಗಳು ಶುರುವಾಗುವ ಹೊತ್ತಿಗೆ. ಹಳಿಯಾಳದಲ್ಲಿ ಮನೆ ಮಾಡಿಕೊಂಡು ಜೋಯಿಡಾ ಕಡೆಯ ಹಳ್ಳಿಗಳಲ್ಲಿ ಕಲಿಸುವ ಮಾಸ್ತರರು, ಶಿಕ್ಷಕಿ ಬಾಯಾರು ಸೇರಿ ಆ ಕಾರನ್ನು ತಿಂಗಳ ಬಾಡಿಗೆಗೆ ಗೊತ್ತು ಮಾಡಿದ್ದರು. ಬೆಳಿಗ್ಗೆ ಅವರನ್ನು ಕೂಡಿಸಿಕೊಂಡು ದಾಂಡೇಲಿ ದಾಟಿ, ಕಾಡಿನೊಳಗಿನ ಒಂದೊಂದು ಶಾಲೆಗೆ ಒಬ್ಬೊಬ್ಬರನ್ನು ಇಳಿಸಿ, ಕಡೆಯ ಶಾಲೆಯ ಹತ್ತಿರ ಸಂಜೆತನಕ ಕಾಯಬೇಕು. ಸಂಜೆ ಅದೇ ದಾರಿಯಲ್ಲಿ ಹೆಕ್ಕಿಕೊಂಡು ಬರಬೇಕು. ಶಾಲೆ ಬಿಟ್ಟವನು ದಿನಾ ಶಾಲೆಗೆ ಹೋಗುತ್ತಾನೆ ಎಂದು ನನ್ನ ತಮ್ಮ ಚೇಷ್ಟೆ ಮಾಡುತ್ತಿದ್ದ.

ಸಾವಕಾರರ ಮನೆ ಇದ್ದದ್ದು ಸಂದಿಯಲ್ಲಿ, ಕಾರು ನಿಲ್ಲಿಸಲು ಜಾಗವಿರಲಿಲ್ಲ. ನಮ್ಮ ಕೇರಿಯಿಂದ ಬೆಳಗಿನ ಜಾವಕ್ಕೆ ಬಸ್ಸೂ ಇರಲಿಲ್ಲ. ಹಾಗಾಗಿ ಕಾರು ರಾತ್ರಿ ನನ್ನ ಅಂಗಳದಲ್ಲೇ ಇರುವುದು ಎಂದಾಯಿತು. ನಮ್ಮದು ಸಿದ್ದಿಗಳ ಕೇರಿ, ಕಾಡಿನಂಚಿಗೆ ಕೆಲವು ಮನೆಗಳು. ಅಂಗಳದಲ್ಲಿ ಕಾರು ನಿಂತ ಮೊದಲ ಮನೆ ನಮ್ಮದೇ. ಅದು ನನ್ನದಲ್ಲ ಎಂದು ಎಲ್ಲರಿಗೂ ಗೊತ್ತಿತ್ತು, ಆದರೂ ಆಯಿ ಅದರ ಸುತ್ತ ಸೆಗಣಿ ಸಾರಿಸಿ ಬಿಡುತ್ತಿದ್ದಳು. ಮನೆಯಲ್ಲಿ ನಾವು ಆಡುವುದು ಕೊಂಕಣಿ. ತಾಯಿಗೆ ಆಯಿ, ಅಣ್ಣನಿಗೆ ದಾದಾ ಎನ್ನುತ್ತೇವೆ. ಉಳಿದ ಮಾತನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ.

ಮಳೆಗಾಲವಿಡೀ ಕಾರು ಚೆನ್ನಾಗಿ ಓಡಿತು. ಪ್ರತಿ ಶನಿವಾರ ಸಾವಕಾರರು ಹಳಿಯಾಳದ ಪೆಟ್ರೋಲ್ ಪಂಪಿಗೆ ತಾವೇ ಬಂದು ಟಾಕಿ ತುಂಬಿಸಿ, ಮೀಟರು ನೋಡಿ, ಎವರೇಜು ಲೆಕ್ಕ ಹಾಕುತ್ತಿದ್ದರು. ಲೀಟರಿಗೆ ಹದಿನೆಂಟು ಕಿಲೋಮೀಟರಿನ ಮೇಲೆ ಬರುತ್ತಿತ್ತು. ಪಂಪಿನಲ್ಲಿ ನಾಲ್ಕು ಜನರ ಎದುರು ಅವರು, ಇವನ ಕೈಗೆ ಕೊಟ್ಟರೆ ಗಾಡಿ ಗಾಳಿ ಕುಡಿದು ಓಡುತ್ತದೆ ಎಂದಿದ್ದರು. ಆ ಮಾತನ್ನು ಮನೆಗೆ ಬಂದು ಹೇಳಿದೆ. ಆಯಿಗೆ ಎವರೇಜು ಎಂದರೇನು ಎಂದು ತಿಳಿಸಿ ಹೇಳಲು ಬಹಳ ಹೊತ್ತು ಹಿಡಿಯಿತು.

ಆಮೇಲೆ ಚಳಿ ಬಂತು.

ಚಳಿ ಬಂದ ಮೇಲೆ ನನ್ನ ಕೆಲಸ ಹೆಚ್ಚಾಯಿತು, ನಾನೂ ಮೈಮುರಿದು ಮಾಡಿದೆ. ಮೊದಲಿಗಿಂತ ಬೇಗ ಏಳುತ್ತಿದ್ದೆ. ಎದ್ದ ಕೂಡಲೇ ಕಾರು ಚಾಲೂ ಮಾಡಿ ಬಿಡುತ್ತಿದ್ದೆ. ಅದು ಗುರ್ ಎಂದು ಕಾಯುತ್ತಿರುವಾಗ ನಾನು ಗಾಜು ಒರೆಸಿ, ಸೀಟು ಝಾಡಿಸಿ, ಒಳಗೆ ಬೆಚ್ಚನೆ ಗಾಳಿ ತಿರುಗಿಸಿ, ಆಮೇಲೆ ಮುಖ ತೊಳೆದು ಚಹಾ ಕುಡಿಯುತ್ತಿದ್ದೆ. ನಾನು ಚಹಾ ಕುಡಿದು ಮುಗಿಸುವ ಹೊತ್ತಿಗೆ ಬಾನೆಟ್ಟಿನ ಮೇಲೆ ಕೈ ಇಟ್ಟರೆ ಹಸುವಿನ ಹೊಟ್ಟೆ ಮುಟ್ಟಿದ ಹಾಗೆ ಬೆಚ್ಚಗಿರುತ್ತಿತ್ತು. ಹಳಿಯಾಳದಲ್ಲಿ ಬಾಯಾರೊಬ್ಬರು ಹತ್ತಿ ಕೂತ ಕೂಡಲೇ, ನಿಮ್ಮ ಗಾಡ್ಯಾಗ ಕೂತರ ತವರುಮನಿಗೆ ಬಂದಂಗ ಆಗತೈತ್ರಿ ಎಂದರು. ಶಾಲೆಯ ಮುಂದೆ ಯಾರಾದರೂ ಬರುವುದು ತಡವಾದರೆ ಎಂಜಿನ್ ಬಂದ್ ಮಾಡುತ್ತಿರಲಿಲ್ಲ. ಕೂತವರಿಗೆ ಚಳಿಯಾಗಬಾರದು, ಗಾಜು ಮಬ್ಬಾಗಬಾರದು. ನನ್ನ ಕೆಲಸದಲ್ಲಿ ಕೊರತೆ ಹುಡುಕಲು ಯಾರಿಗೂ ಜಾಗವಿರಬಾರದು ಎನ್ನುವುದೇ ನನ್ನ ಹಟವಾಗಿತ್ತು.

ಮೊದಲ ಶನಿವಾರ ಸಾವಕಾರರು ಮೀಟರನ್ನು ಎರಡು ಸಲ ನೋಡಿದರು. ಎವರೇಜು ಇಳಿದಿತ್ತು. ಮುಂದಿನ ವಾರ ಮತ್ತೆ ಕಡಿಮೆ. ಅದರ ಮುಂದಿನ ವಾರಗಳಲ್ಲಿ ಹದಿನೆಂಟು ಇದ್ದದ್ದು ಹದಿನೈದಕ್ಕೆ ಬಂದು ಕೂತಿತು. ಶೋರೂಮಿನವರಿಗೆ ತೋರಿಸಿದರು. ಕಾರಿನಲ್ಲಿ ದೋಷ ಏನೂ ಇಲ್ಲ ಎಂದು ಅವರು ಹೇಳಿ ಕಳಿಸಿದರು. ಕಾರಿನಲ್ಲಿ ದೋಷವಿಲ್ಲ ಎಂದರೆ ಉಳಿದವನು ನಾನೊಬ್ಬನೇ. ಪಂಪಿನಲ್ಲಿ ಪೈಪು ಹಿಡಿಯುವವನು ನಗುತ್ತ ನನ್ನನ್ನು ಕೇಳಿದ, "ಏನ್ ಮಾಮಾ, ಡೀಸೆಲ್ ಗಾಡಿ ಕುಡೀಲಿಕ್ಕತ್ತೈತೋ, ಗಾಡಿ ಓಡಿಸೋರು ಕುಡೀಲಿಕ್ಕತ್ತಾರೋ?" ಸುತ್ತ ನಿಂತವರು ನಕ್ಕರು. ಸಾವಕಾರರೂ ತುಟಿಯಲ್ಲೇ ನಕ್ಕರು. ಗಾಳಿ ಕುಡಿದು ಓಡುತ್ತದೆ ಎಂದದ್ದು ಅದೇ ಜಾಗದಲ್ಲಿ, ಅದೇ ಬಾಯಿಯಲ್ಲಿ.

ಈಗ ನನ್ನ ತಮ್ಮನ ವಿಷಯ ಹೇಳಬೇಕು. ಸುಗ್ಗಿ ಮುಗಿದ ಮೇಲೆ ಹಳ್ಳದ ದಂಡೆಯಲ್ಲಿ ಒಂದು ತುಂಡು ಹೊಲವನ್ನು ಪಾಲಿಗೆ ಮಾಡಿ ಅವನು ಮೆಣಸಿನಗಿಡ ಹಚ್ಚಿದ್ದ. ನಮ್ಮ ಮನೆತನದಲ್ಲಿ ಬೇಸಿಗೆ ಬೆಳೆ ಎಂದು ಏನಾದರೂ ಮಾಡಿದವನು ಅವನೇ ಮೊದಲು. ಉಳಿದವರೆಲ್ಲ ಇನ್ನೊಬ್ಬರ ಹೊಲಕ್ಕೆ ಕೂಲಿಗೆ ಹೋದವರೇ. ಹಳ್ಳದಿಂದ ನೀರೆತ್ತಲು ಒಂದು ಹಳೆಯ ಡೀಸೆಲ್ ಪಂಪು ತಂದಿದ್ದ. ಅದು ಸುರುವಾದರೆ ಟಕ್ ಟಕ್ ಎನ್ನುವ ಸಪ್ಪಳ ರಸ್ತೆತನಕ ಕೇಳುತ್ತಿತ್ತು. ಮಳೆ ನಿಂತಿತೆಂದೇ ಪಂಪು ಬೇಕಾದದ್ದು. ಮಳೆ ನಿಂತಿತೆಂದೇ ಚಳಿಯೂ ಬಂದದ್ದು. ನಮ್ಮ ಪಂಪು ಸುರುವಾದ ವಾರವೇ ಸಾವಕಾರರ ಎವರೇಜು ಇಳಿಯತೊಡಗಿತು. ಹೊರಗಿನಿಂದ ನೋಡುವವನಿಗೆ ಇನ್ನೇನು ಬೇಕು?

ಒಂದು ಶನಿವಾರ ಸಾವಕಾರರು ಡಿಕ್ಕಿ ತೆರೆಯಿಸಿದರು. ಒಳಗೆ ತಮ್ಮನ ಖಾಲಿ ಕ್ಯಾನು ಇತ್ತು. ಪಂಪಿಗೆ ಬೇಕಾದ ಡೀಸೆಲನ್ನು ಅವನು ಹಳಿಯಾಳದಲ್ಲಿ ತನ್ನ ರೊಕ್ಕದಲ್ಲಿ ಕೊಳ್ಳುತ್ತಿದ್ದ, ಕ್ಯಾನನ್ನು ನಾನು ಬರುವಾಗ ಕಾರಿನಲ್ಲಿ ತರುತ್ತಿದ್ದೆ. ಮುಚ್ಚಿಡುವ ಸಂಗತಿಯಲ್ಲ ಅದು, ಅದಕ್ಕೇ ಮುಚ್ಚಿಟ್ಟಿರಲಿಲ್ಲ. ಅವರು ಬಗ್ಗಿ ವಾಸನೆ ನೋಡಿದರು.

"ನಿನ್ನ ಮ್ಯಾಲೆ ನನಗ ಏನೂ ಇಲ್ಲ," ಎಂದರು. "ನೀ ಮಲಕೊಂಡಿರ್ತಿ. ಅಂಗಳದಾಗ ಗಾಡಿ ನಿಂತಿರತೈತಿ. ನಿಮ್ಮ ಮಂದ್ಯಾಗ ಯಾರ ಕೈ ಹೆಂಗ ಅಂತ ನೀ ಹೆಂಗ ಹೇಳಾಕ ಆಕ್ಕೈತಿ?"

ನಿನ್ನ ಮೇಲೆ ಏನೂ ಇಲ್ಲ ಎನ್ನುತ್ತಲೇ ನಮ್ಮ ಇಡೀ ಕೇರಿಯ ಮೇಲೆ ಹಾಕಿದರು. ನನ್ನ ಮನೆಯವರು ಅಂಥವರಲ್ಲ ಎಂದು ನಾನು ಹೇಳಿದೆ. ಅವರು ಡಿಕ್ಕಿ ಮುಚ್ಚಿ ಕೈ ಒರೆಸಿಕೊಂಡರು.

ಆ ರಾತ್ರಿ ನಾನು ಒಂದು ಕೆಲಸ ಮಾಡಿದೆ. ಆಯಿಯ ಗೌದಿಯ ಬುಟ್ಟಿಯಿಂದ ಕೆಂಪು ದಾರ ತಗೊಂಡು, ಡೀಸೆಲ್ ಟಾಕಿಯ ಮುಚ್ಚಳದ ಸುತ್ತ ಎರಡು ಸುತ್ತು ಹಾಕಿ ಗಂಟು ಬಿಗಿದೆ. ಹಳೆ ಸೀರೆಗಳನ್ನು ಸೇರಿಸಿ ಹೊಲಿಯುವ ದುಪ್ಪಟಿಗೆ ನಾವು ಗೌದಿ ಎನ್ನುತ್ತೇವೆ. ಅದರ ದಾರ ಗಟ್ಟಿ. ಯಾರಾದರೂ ಮುಚ್ಚಳ ತಿರುಗಿಸಿದರೆ ದಾರ ಹರಿಯಲೇಬೇಕು. ವಾರವಿಡೀ ದಾರ ಹಾಗೇ ಇದ್ದರೆ ಶನಿವಾರ ಸಾವಕಾರರಿಗೆ ತೋರಿಸಬಹುದು ಎಂದು ನನ್ನ ಲೆಕ್ಕ. ಸಾವಕಾರರಿಗೆ ತೋರಿಸಲಿಕ್ಕೆಂದೇ ಕಟ್ಟಿದ್ದು.

ಆದರೆ ಮೊದಲು ನೋಡಿದವನು ತಮ್ಮ. ಬೆಳಿಗ್ಗೆ ಹೊಲಕ್ಕೆ ಹೊರಟವನು ಕಾರಿನ ಹತ್ತಿರ ನಿಂತ. ದಾರವನ್ನು ಮುಟ್ಟಲಿಲ್ಲ, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದ.

"ದಾದಾ, ಇದು ಯಾರಿಗೆ ಕಟ್ಟಿದ್ದು?"

ಸಾವಕಾರರಿಗೆ ಎಂದೆ.

"ಸಾವಕಾರ್ರು ಹಳಿಯಾಳದಾಗ ಅದಾರ. ಇಲ್ಲಿ ಇರಾಂವ ನಾನು."

ಅಷ್ಟೇ ಹೇಳಿ ಸನಿಕೆ ಹೆಗಲಿಗೆ ಏರಿಸಿಕೊಂಡು ಹೋದ. ನಿಂತು ಕೇಳಿದ್ದರೆ ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದೆ. ಕಾರು ಗುರ್ ಎನ್ನುತ್ತ ಕಾಯುತ್ತಿತ್ತು, ನನಗೂ ಹೊತ್ತಾಗಿತ್ತು.

ಶನಿವಾರ ದಾರ ಇದ್ದಂತೆಯೇ ಇತ್ತು. ಡೀಸೆಲ್ ಮತ್ತೆ ಕಡಿಮೆ. ದಾರವನ್ನು ತೋರಿಸಿದೆ. ಸಾವಕಾರರು ಉಗುರಿನಿಂದ ಅದನ್ನು ಮೀಟಿ, ಕಟ್ಟಿದವನಿಗೆ ಬಿಚ್ಚಿ ಮತ್ತೆ ಕಟ್ಟಲು ಬರುವುದಿಲ್ಲವೇನು ಎಂದು ಕೇಳಿದರು. ಸಿಟ್ಟಿನಿಂದ ಕೇಳಿದ್ದಲ್ಲ, ಅಂಗಡಿಯಲ್ಲಿ ತಕ್ಕಡಿ ನೋಡುವ ಹಾಗೆ ನೋಡಿ ಕೇಳಿದರು. ಆಮೇಲೆ ಅವರೇ ಒಂದು ದಾರಿ ಹೇಳಿದರು. "ನಿಮ್ಮ ಮನ್ಯಾಗ ಹಿರಿಯಾರು ಅದಾರಲ್ಲ, ಅವರ ಮುಂದ ನಿನ್ನ ತಮ್ಮ ಕೈ ಇಟ್ಟು ಹೇಳಲಿ. ಅಲ್ಲಿಗೆ ಮುಗೀತು. ನಿಮ್ಮ ಮಂದಿ ಬ್ಯಾರೆ ಎಲ್ಲಿ ಸುಳ್ಳು ಹೇಳಿದ್ರೂ ಅಲ್ಲಿ ಹೇಳಂಗಿಲ್ಲ, ನನಗ ಗೊತ್ತೈತಿ."

ಹಿರಿಯಾರು ಎಂದರೆ ನಮ್ಮಲ್ಲಿ ತೀರಿಹೋದವರು. ಒಳಕೋಣೆಯ ಮೂಲೆಯಲ್ಲಿ ಮಣ್ಣಿನ ಸಣ್ಣ ಕಟ್ಟೆ ಇದೆ, ಅದರ ಮೇಲೆ ಒಂದು ತೆಂಗಿನಕಾಯಿ. ಮಹಾನವಮಿಗೆ ಹೊಸದನ್ನು ಇಟ್ಟು ಪೂಜೆ ಮಾಡುತ್ತೇವೆ. ಆ ಕಾಯಿಯಲ್ಲಿ ಅಪ್ಪ ಇದ್ದಾನೆ, ಅವನ ಅಪ್ಪ ಇದ್ದಾನೆ, ಹಡಗಿನಲ್ಲಿ ಈ ದೇಶಕ್ಕೆ ಬಂದವರು, ಯಾರ ಹೆಸರೂ ನಮಗೆ ಉಳಿಯದವರು ಇದ್ದಾರೆ. ಮದುವೆ ಇದ್ದರೆ ಅವರಿಗೆ ಹೇಳುತ್ತೇವೆ, ಮಗು ಹುಟ್ಟಿದರೆ ಹೇಳುತ್ತೇವೆ. ಅದರ ಮೇಲೆ ಕೈ ಇಟ್ಟು ಆಣೆ ಮಾಡುವುದೂ ಉಂಟು, ಆದರೆ ಮನೆಯ ದೊಡ್ಡ ಜಗಳಕ್ಕೆ, ಮನೆಯವರು ಕೇಳಿದಾಗ ಮಾತ್ರ. ನನಗೆ ತಿಳಿದ ಮೇಲೆ ನಮ್ಮ ಮನೆಯಲ್ಲಿ ಯಾರೂ ಇಟ್ಟಿರಲಿಲ್ಲ.

ಮನೆಗೆ ಬಂದು ಸಾವಕಾರರು ಹೇಳಿದ್ದನ್ನು ಹೇಳಿದೆ. ತಮ್ಮ ಉಣ್ಣುತ್ತಿದ್ದವನು ಕೈ ತೊಳೆದುಕೊಂಡು ಎದ್ದ. ಈಗಲೇ ಇಡುತ್ತೇನೆ ಎಂದ. ಆಯಿ ಒಳಕೋಣೆಯ ಬಾಗಿಲಲ್ಲಿ ಕೂತಿದ್ದಳು, ಏಳಲಿಲ್ಲ.

"ಸಾವಕಾರ್ರ ಕಾರು ಕಾಯಾಕ ಅವರನ್ನ ಇಲ್ಲಿ ಕುಂಡ್ರಿಸಿಲ್ಲ," ಎಂದಳು. "ನಿಮ್ಮಪ್ಪ ದುಡಿಯೋತನ ದಿನಾ ಸಂಜಿಗೆ ಡಿಪೋ ಗೇಟಿನ್ಯಾಗ ಎರಡೂ ಕೈ ಮ್ಯಾಲೆ ಮಾಡಿ ನಿಂತು, ಮೈಯೆಲ್ಲ ಮುಟ್ಟಿ ನೋಡಿಸಿಕೊಂಡು ಹೊರಗ ಬರ್ತಿದ್ದ. ಸತ್ತ ಮ್ಯಾಲಾದ್ರೂ ಬ್ಯಾಡ."

"ಆಯಿ, ನಾ ತಗೊಂಡಿಲ್ಲ. ಹೇಳಾಕ ನನಗ ಅಂಜಿಕಿ ಇಲ್ಲ. ನಿಮಗ ಯಾಕ ಅಂಜಿಕಿ?" ಎಂದು ಕೇಳಿ ಅವನು ನನ್ನ ಕಡೆ ತಿರುಗಿದ. ನಾನು ಏನು ಹೇಳುತ್ತೇನೆಂದು ಕಾದ.

ಕೈ ಇಡಬೇಡ ಎಂದೆ. ಮಾಡದ ಕೆಲಸಕ್ಕೆ ಆಣೆ ಇಟ್ಟರೆ, ಕೇಳಿದವನಿಗೆ ಕೇಳುವ ಹಕ್ಕಿತ್ತು ಎಂದು ಒಪ್ಪಿಕೊಂಡಂತೆ ಆಗುತ್ತದೆ. ಇವತ್ತು ತಮ್ಮ, ನಾಳೆ ಪಕ್ಕದ ಮನೆಯವರು, ಹೀಗೇ ಕೇರಿಯ ಎಲ್ಲರ ಹಿರಿಯರನ್ನೂ ಎಬ್ಬಿಸಿ ಸಾವಕಾರರ ಮುಂದೆ ಸಾಲಾಗಿ ನಿಲ್ಲಿಸಬೇಕಾಗುತ್ತದೆ. ಹೀಗೆಂದು ಹೇಳಿದೆ. ಇವತ್ತೂ ಹಾಗೇ ಹೇಳುತ್ತೇನೆ. ಆದರೆ ಟಾಕಿಗೆ ದಾರ ಕಟ್ಟಿದ ಮನುಷ್ಯ ಕೈ ಇಡಬೇಡ ಎಂದರೆ ಅದು ತಮ್ಮನ ಕಿವಿಗೆ ಹೇಗೆ ಕೇಳಿಸುತ್ತದೆ ಎನ್ನುವುದು ಆ ಹೊತ್ತಿಗೆ ನನಗೆ ಹೊಳೆಯಲಿಲ್ಲ. ಕೈ ಇಟ್ಟರೆ ತನಗೇನಾದರೂ ಆದೀತೆಂದು ಅಣ್ಣ ಹೆದರುತ್ತಿದ್ದಾನೆ ಎಂದೇ ಅವನು ತಿಳಿದ.

ಮರುದಿನದಿಂದ ಹಳ್ಳದ ಕಡೆಯಿಂದ ಸಪ್ಪಳ ನಿಂತಿತು. ಅವನು ಪಂಪನ್ನು ಬಿಚ್ಚಿ, ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ಬಂದು, ಕಾರು ನಿಲ್ಲುವ ಜಾಗದ ಎದುರಿಗೇ ಇಳಿಸಿದ. ಅದರ ಟಾಕಿಯ ಮುಚ್ಚಳವನ್ನೂ ತೆಗೆದಿಟ್ಟ, ಒಳಗೆ ಒಣಗಿರುವುದು ಬಂದವರಿಗೆಲ್ಲ ಕಾಣಲಿ ಎಂದು. ಮೆಣಸಿನಗಿಡ ಆಗ ಹೂವಿಗೆ ಬಂದಿತ್ತು. ನಾನೂ ನನ್ನ ಹೆಂಡತಿಯೂ ಕೊಡದಲ್ಲಿ ನೀರು ಹೊತ್ತು ಹಾಕಿದೆವು. ಹಾಕಬೇಡಿ ಎಂದು ಅವನು ಅನ್ನಲಿಲ್ಲ, ತಾನು ಮಾತ್ರ ಹೊಲಕ್ಕೆ ಕಾಲಿಡಲಿಲ್ಲ. ಇಬ್ಬರ ಕೊಡಕ್ಕೆ ಒಂದು ಹೊಲ ಬದುಕುವುದಿಲ್ಲ. ಹೂವು ಉದುರಿತು, ಎಲೆ ಮುದುಡಿತು. ಸಂಕ್ರಾಂತಿಯ ಹೊತ್ತಿಗೆ ಗಿಡಗಳು ಕಸಬರಿಗೆ ಕಡ್ಡಿಯ ಹಾಗೆ ನಿಂತಿದ್ದವು.

ಅಷ್ಟಾದರೂ ಡೀಸೆಲ್ ಕಡಿಮೆಯೇ ಬಂತು. ಚಳಿ ಇನ್ನೂ ಬಿಗಿಯಾಗಿತ್ತು, ಎವರೇಜು ಹದಿನೈದಕ್ಕಿಂತ ಕೆಳಗಿಳಿಯಿತು. ಪಂಪು ನಿಂತು ಇಷ್ಟು ದಿನವಾಯಿತು ಎಂದು ಸಾವಕಾರರಿಗೆ ಹೇಳಿದೆ. ಹಾಗಾದರೆ ಈಗ ಮಾರಿಕೊಳ್ಳುತ್ತಿದ್ದಾರೆ ಎಂದರು.

ಚಾಚಾ ಆಗಲೇ ಗ್ಯಾರೇಜು ಮುಚ್ಚಿ, ಕಣ್ಣು ಮಂಜಾಗಿ, ಮುಂಡಗೋಡದ ಮಗಳ ಮನೆಯಲ್ಲಿದ್ದರು. ಒಂದು ಭಾನುವಾರ ಬಸ್ಸು ಬದಲಿಸುತ್ತ ಅಲ್ಲಿಗೆ ಹೋದೆ. ಕಾರು ಅಂಗಳದಲ್ಲೇ ಇತ್ತು, ಆದರೆ ಅದನ್ನು ಮುಟ್ಟುವ ಹಾಗಿರಲಿಲ್ಲ. ಚಾಚಾ ಬಿಸಿಲಿಗೆ ಹೊರಸು ಹಾಕಿಕೊಂಡು ಕೂತಿದ್ದರು. ನನ್ನ ಕೈ ಹಿಡಿದು, ಅಂಗೈ ತಿರುವಿ, ಬೆರಳ ಗಂಟುಗಳನ್ನು ಮುಟ್ಟಿ ನೋಡಿ ಗುರುತು ಹಿಡಿದರು. ಎಲ್ಲವನ್ನೂ ಹೇಳಿದೆ. ಅವರು ಕಳ್ಳತನದ ಮಾತು ಎತ್ತಲೇ ಇಲ್ಲ. ಕಾರು ಎಲ್ಲಿ ಮಲಗುತ್ತದೆ, ಬಯಲಿನಲ್ಲೋ ಮಾಡಿನ ಕೆಳಗೋ, ಶಾಲೆ ಶಾಲೆಗೆ ಎಷ್ಟು ದೂರ, ಟಾಯರಿಗೆ ಗಾಳಿ ಹಾಕಿಸಿದ್ದು ಯಾವಾಗ, ಬೆಳಿಗ್ಗೆ ಎಷ್ಟು ಹೊತ್ತು ಕಾಯಿಸುತ್ತೀ ಎಂದು ಕೇಳುತ್ತ ಹೋದರು. ಕಾಯಿಸುವ ಮಾತು ಬಂದಾಗ ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಚಹಾ ಆಗುವವರೆಗೆ, ಶಾಲೆಯ ಮುಂದೆ ನಿಂತಾಗ, ಸಂಜೆ ಹೊರಡುವ ಮುಂಚೆ. ನೀವು ಹೇಳಿಕೊಟ್ಟದ್ದನ್ನು ಒಂದು ದಿನವೂ ತಪ್ಪಿಸಿಲ್ಲ ಎಂದೆ.

ಚಾಚಾ ಹಿಡಿದಿದ್ದ ನನ್ನ ಕೈಯನ್ನು ಮೆಲ್ಲಗೆ ಬಿಟ್ಟರು.

"ಅದು ಹಳೇ ಲಾರಿಗೆ ಹೇಳಿದ ಮಾತು, ಬೇಟಾ," ಎಂದರು. "ಆ ಲಾರಿನೂ ಹೋದ್ವು. ಮಾತು ನಿನ್ನ ಹಂತ್ಯಾಕ ಉಳಕೊಂಡೈತಿ."

ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ಚಳಿಗೆ ಎಂಜಿನ್ ಆಯಿಲು ಬೆಲ್ಲದ ಪಾಕದ ಹಾಗೆ ದಪ್ಪವಾಗುತ್ತದೆ. ಅದರೊಳಗೆ ತಿರುಗಲು ಎಂಜಿನ್ನಿಗೆ ಬಲ ಜಾಸ್ತಿ ಬೇಕು. ಮೈ ಬಿಸಿಯಾಗುವವರೆಗೆ ಅದು ಹೆಚ್ಚು ಡೀಸೆಲ್ ಎಳೆಯುತ್ತದೆ. ಟಾಯರಿನೊಳಗಿನ ಗಾಳಿ ಚಳಿಗೆ ಕುಗ್ಗುತ್ತದೆ, ಟಾಯರು ಮೆತ್ತಗಾಗಿ ಗಾಡಿ ಉಸುಕಿನಲ್ಲಿ ನಡೆದ ಹಾಗೆ ನಡೆಯುತ್ತದೆ. ಒಂದೇ ಸಲ ದೂರ ಹೋದರೆ ಇದು ಅಷ್ಟಾಗಿ ತಿಳಿಯುವುದಿಲ್ಲ. ನನ್ನದು ಹೋಗುವುದು, ನಿಲ್ಲುವುದು, ದಿನವಿಡೀ ಜೋಯಿಡಾದ ಕಾಡಿನ ನೆರಳಿನಲ್ಲಿ ತಣ್ಣಗಾಗುವುದು, ಸಂಜೆ ಮತ್ತೆ ಮೊದಲಿನಿಂದ ಕಾಯುವುದು. ಇದೆಲ್ಲದರ ಮೇಲೆ ನಿಲ್ಲಿಸಿಯೇ ಉರಿಸಿದ್ದು. ನಿಂತ ಗಾಡಿ ಕುಡಿಯುತ್ತದೆ, ಆದರೆ ಮೀಟರು ಒಂದು ಅಡಿಯೂ ಮುಂದೆ ಹೋಗುವುದಿಲ್ಲ. ಈಗಿನ ಎಂಜಿನ್ನಿಗೆ ಕಾಯಿಸುವುದು ಬೇಕಿಲ್ಲ, ಚಾಲೂ ಮಾಡಿ ಕೂಡಲೇ ನಿಧಾನಕ್ಕೆ ಹೊರಟರೆ ನಡೆಯುತ್ತಲೇ ಬೆಚ್ಚಗಾಗುತ್ತದೆ. ಅರ್ಧ ಚಳಿ ಕುಡಿದಿದೆ, ಅರ್ಧ ನಿನ್ನ ಚಾಕರಿ ಕುಡಿದಿದೆ ಎಂದರು ಚಾಚಾ.

ಬರುವಾಗ ಬಸ್ಸಿನ ಕಿಟಕಿಯಿಂದ ಹೊರಗೆ ನೋಡುತ್ತ ಕೂತೆ. ದಾರಿಯಲ್ಲಿ ಇಂದೂರು ಎಂಬ ಹಳ್ಳಿಯ ಹೊಲಗಳಲ್ಲಿ ಯಾರದೋ ಪಂಪು ನೀರು ಚೆಲ್ಲುತ್ತಿತ್ತು.

ಮನೆಗೆ ಬಂದು ಮೊದಲು ತಮ್ಮನಿಗೆ ಹೇಳಿದೆ. ಅವನು ಕೊನೆಯವರೆಗೂ ಕೇಳಿ, "ಅಂದ್ರ ನಿನಗ ಈಗ ನಂಬಿಕಿ ಬಂತು," ಎಂದ. ನನಗೆ ಯಾವತ್ತೂ ನಂಬಿಕೆ ಇತ್ತು ಎಂದೆ. ದಾರ ಸಾವಕಾರರಿಗೆ ಕಟ್ಟಿದ್ದು ಎಂದು ಮತ್ತೊಮ್ಮೆ ಹೇಳಿದೆ. ಅವನು ನನ್ನ ಮುಖ ನೋಡಿದ ರೀತಿ ನನಗೆ ಗುರುತಿನದೇ ಆಗಿತ್ತು. ಪ್ರತಿ ಶನಿವಾರ ಪಂಪಿನಲ್ಲಿ ಸಾವಕಾರರು ನನ್ನನ್ನು ಹಾಗೇ ನೋಡುತ್ತಿದ್ದರು.

ಸೋಮವಾರದಿಂದ ಚಾಚಾ ಹೇಳಿದ ಹಾಗೆ ಮಾಡಿದೆ. ಟಾಯರಿಗೆ ಗಾಳಿ ತುಂಬಿಸಿದೆ. ಕಾಯಿಸುವುದನ್ನು ಬಿಟ್ಟೆ. ನಿಂತ ಕಡೆ ಎಂಜಿನ್ ಬಂದ್ ಮಾಡಿದೆ. ತವರುಮನೆ ಎಂದಿದ್ದ ಬಾಯಾರು ಸೆರಗು ಹೊದ್ದು, ಇವತ್ತ್ಯಾಕ ಹಿಂಗ ಎಂದರು. ಗಾಜು ಮಬ್ಬಾಗಿ ಒಂದು ತಿರುವಿನಲ್ಲಿ ನಿಲ್ಲಿಸಿ ಒರೆಸಬೇಕಾಯಿತು. ಆ ವಾರ ಎವರೇಜು ಒಂದಿಷ್ಟು ಏರಿತು. ಪೂರ್ತಿ ಏರಲಿಲ್ಲ, ಚಳಿ ತನ್ನ ಪಾಲು ಬಿಡಬೇಕಲ್ಲ. ಶನಿವಾರ ನಾನೇ ಮುಂದಾಗಿ ಸಾವಕಾರರಿಗೆ ಎಲ್ಲವನ್ನೂ ಹೇಳಿದೆ, ಆಯಿಲು, ಟಾಯರು, ಕಾಯಿಸಿದ್ದು, ಏನೂ ಮುಚ್ಚಲಿಲ್ಲ. ಅವರು ಪೈಪು ಹಿಡಿಯುವವನ ಕಡೆ ತಿರುಗಿ ಕೇಳಿದರು. "ಕೇಳಿದ್ಯೇನೋ? ಗಾಡಿಗೂ ಥಂಡಿ ಆಕ್ಕೈತಂತ. ಮುಂದಿನ ವಾರ ಒಂದು ಕಂಬಳಿ ಹೊಚ್ಚೂಣು." ಆಮೇಲೆ ನನ್ನ ಹೆಗಲು ತಟ್ಟಿ, ಎವರೇಜು ಏರಿದ್ದು ತಮಗೆ ಕಾಣುತ್ತದೆ, ಇನ್ನೂ ಸ್ವಲ್ಪ ಬಿಗಿ ಮಾಡು ಎಂದರು. ನಾನು ಏನು ಮಾಡಿದರೂ ಅದು ಕಳ್ಳನೊಬ್ಬ ಹೆದರಿ ಮಾಡಿದಂತೆಯೇ ಅವರಿಗೆ ಕಾಣುತ್ತಿತ್ತು.

ಹೋಳಿ ಹತ್ತಿರ ಬಂದಂತೆ ಬಿಸಿಲು ಬಿತ್ತು. ನಮ್ಮಲ್ಲಿ ಬಿಸಿಲು ಒಂದೇ ವಾರದಲ್ಲಿ ಬಂದು ಬಿಡುತ್ತದೆ, ನಿನ್ನೆ ಹೊದ್ದ ಗೌದಿಯನ್ನು ಇವತ್ತು ಕಾಲಿನಿಂದ ಒದೆಯುತ್ತೇವೆ. ಗಾಜಿನ ಮೇಲೆ ಇಬ್ಬನಿ ಇಲ್ಲ. ಕೀಲಿ ತಿರುಗಿಸಿದರೆ ಎಂಜಿನ್ ನಿದ್ದೆಯೇ ಮಾಡಿರಲಿಲ್ಲ ಎನ್ನುವ ಹಾಗೆ ಏಳುತ್ತಿತ್ತು. ಹೋಳಿಯ ಮುಂಚಿನ ಶನಿವಾರ ಟಾಕಿ ತುಂಬಿಸಿ ಮೀಟರು ನೋಡಿದರೆ ಹದಿನೆಂಟು. ನಾನು ಮಾಡಿದ್ದು ಏನೂ ಇರಲಿಲ್ಲ, ಬಿಸಿಲು ಮಾಡಿತ್ತು.

ಸಾವಕಾರರ ಮುಖ ಅರಳಿತು. ಕೈಚೀಲದಿಂದ ಒಂದು ಡಬ್ಬಿ ತೆಗೆದು ನನ್ನ ಕೈಗಿಟ್ಟರು. ಅವರ ಮನೆಯಲ್ಲಿ ಮಾಡಿದ ಹೋಳಿಗೆ, ಇನ್ನೂ ಬಿಸಿ ಇತ್ತು.

"ಹೋಳಿ ಐತಿ, ಮನೀಗೆ ಒಯ್ಯಿ. ನೋಡು, ನಾ ಬಿಗಿ ಮಾಡಿದ್ದಕ್ಕ ಎಲ್ಲಾ ಸರಿ ಆತು. ಹಿಂದಿಂದು ನಾನೂ ಮರತೇನಿ, ನೀನೂ ಮರತಬಿಡು. ತಮ್ಮಗೂ ಹೇಳು, ಪಂಪು ಹಚ್ಚಿಕೊಳ್ಳಲಿ, ನಾ ಏನೂ ಅನ್ನಂಗಿಲ್ಲ."

ಅವರು ಮನಸಾರೆ ಹೇಳಿದರು, ಅದರಲ್ಲಿ ನನಗೆ ಸಂಶಯವಿಲ್ಲ. ಬೈದಾಗ ನಿಂತು ಕೇಳಿದ್ದೆ, ನಕ್ಕಾಗ ನಿಂತಿದ್ದೆ. ಈ ಕ್ಷಮೆ ಮಾತ್ರ ನನ್ನ ಕೈಯಲ್ಲಿ ನಿಲ್ಲಲಿಲ್ಲ. ಆ ಡಬ್ಬಿಯನ್ನು ಮನೆಗೆ ಒಯ್ದರೆ ನಾವು ಕದ್ದಿದ್ದೆವು, ಈಗ ಬಿಟ್ಟಿದ್ದೇವೆ ಎಂದಾಗುತ್ತದೆ. ಆಯಿ ಅದನ್ನು ಬಿಚ್ಚಿ ಎಲ್ಲರಿಗೂ ಹಂಚುತ್ತಾಳೆ, ಒಂದನ್ನು ಒಳಕೋಣೆಯ ಕಟ್ಟೆಯ ಮೇಲೂ ಇಡುತ್ತಾಳೆ. ಡಬ್ಬಿಯನ್ನು ಕಾರಿನ ಬಾನೆಟ್ಟಿನ ಮೇಲಿಟ್ಟೆ. ಅದರ ಪಕ್ಕದಲ್ಲಿ ಕೀಲಿ ಇಟ್ಟೆ.

"ನಮ್ಮ ಮನ್ಯಾಗ ಯಾರೂ ಏನೂ ತಗೊಂಡಿಲ್ರಿ, ಸಾವಕಾರ್ರ. ಮುಂದಿನ ಥಂಡ್ಯಾಗ ಗಾಡಿ ಯಾರ ಅಂಗಳದಾಗ ಇರತೈತೋ, ಅವರನ್ನ ಕೇಳ್ರಿ."

ಇಷ್ಟು ಹೇಳಿ ನಡೆದುಕೊಂಡು ಕೇರಿಗೆ ಬಂದೆ. ಅಂಗಳದಲ್ಲಿ ಕಾರು ನಿಲ್ಲುತ್ತಿದ್ದ ಜಾಗ ಖಾಲಿ ಇತ್ತು, ಎದುರಿಗೆ ಪಂಪು ಬಾಯಿ ತೆರೆದುಕೊಂಡು ನಿಂತಿತ್ತು.

ಹೋಳಿ ಮುಗಿದ ಮೇಲೆ ತಮ್ಮ ಪಂಪು ಮಾರಿ ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೋದ. ನಾನು ಈಗ ತೇರಗಾಂವ ಕಡೆ ಒಬ್ಬರ ಟ್ರ್ಯಾಕ್ಟರಿನಲ್ಲಿ ಕಬ್ಬಿನ ಲೋಡು ಹೊಡೆಯುತ್ತೇನೆ. ಅದು ಅವರ ಅಂಗಳದಲ್ಲೇ ಮಲಗುತ್ತದೆ, ನಾನು ಕೇಳಿಯೇ ಹಾಗೆ ಗೊತ್ತು ಮಾಡಿಕೊಂಡಿದ್ದೇನೆ.

ಆ ವರ್ಷ ಮಹಾನವಮಿಗೆ ತಮ್ಮ ಊರಿಗೆ ಬಂದ. ಆಯಿ ಹಳೆಯ ಕಾಯಿ ತೆಗೆದು ಹೊಸದನ್ನು ಇಟ್ಟಳು, ಅಕ್ಕಿ ಹಾಕಿದಳು, ಹೂವು ಏರಿಸಿದಳು. ಕೇರಿಯವರೆಲ್ಲ ಬಾಗಿಲತನಕ ತುಂಬಿಕೊಂಡಿದ್ದರು. ಕೈ ಮುಗಿಯುವ ಸರದಿ ತಮ್ಮನದು ಬಂತು. ಅವನು ಮುಗಿಯಲಿಲ್ಲ. ಮುಂದೆ ಬಗ್ಗಿ ಬಲಗೈಯನ್ನು ಕಾಯಿಯ ಮೇಲಿಟ್ಟ.

"ದಾದಾನ ಕಾರಿಂದ ನಾ ಒಂದು ಹನಿ ತಗೊಂಡಿಲ್ಲ," ಎಂದ.

ಯಾರೂ ಅವನನ್ನು ಕೇಳಿರಲಿಲ್ಲ. ಎಲ್ಲರಿಗೂ ಕೇಳುವಷ್ಟು ಜೋರಾಗಿ ಹೇಳಿದ, ಆಮೇಲೆ ಕೈ ತೆಗೆದು ಹಿಂದೆ ಸರಿದು ಮುಂದಿನವರಿಗೆ ಜಾಗ ಬಿಟ್ಟ. ಆಯಿ ತಲೆ ಎತ್ತಲಿಲ್ಲ, ಅವನ ಕೈ ತಾಗಿ ಸರಿದಿದ್ದ ಹೂವನ್ನು ಮೊದಲಿದ್ದ ಜಾಗಕ್ಕೆ ಇಟ್ಟಳು. ಅವಳು ತಡೆದದ್ದು, ನಾನು ತಡೆದದ್ದು, ಕೊನೆಗೂ ನಡೆದುಹೋಯಿತು. ಅದು ಸಾವಕಾರರಿಗಾಗಿ ಆಗ ನಡೆದಿದ್ದರೆ ಒಂದು ಹೊಲ ಉಳಿಯುತ್ತಿತ್ತು. ಈಗ ನಡೆದದ್ದು ನನಗಾಗಿ.

ಮರುದಿನ ಬೆಳಿಗ್ಗೆ ಅವನ ಚೀಲ ಹೊತ್ತು ಬಸ್ಸಿನವರೆಗೆ ಹೋದೆ. ಆಗಲೇ ಸಣ್ಣಗೆ ಇಬ್ಬನಿ ಬೀಳಲು ಸುರುವಾಗಿತ್ತು. ಬಸ್ಸಿನ ಡ್ರೈವರು ಎಂಜಿನ್ ಚಾಲೂ ಇಟ್ಟು ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದ, ಬಸ್ಸು ನಿಂತಲ್ಲೇ ನಡುಗುತ್ತ ಹೊಗೆ ಬಿಡುತ್ತಿತ್ತು. ತಮ್ಮ ಅದನ್ನು ಬಹಳ ಹೊತ್ತು ನೋಡಿದ.

"ಸುಮ್ಮನ ಸುಡಾಕತ್ತಾನ ನೋಡು, ದಾದಾ," ಎಂದ.

ಹೌದು ಎಂದೆ. ಅವನು ನನ್ನ ಕೈಯಿಂದ ಚೀಲ ತಗೊಂಡು ಹತ್ತಿದ.